ಎಚ್ಚರಿಕೆ ಕರೆಗಳಲ್ಲಿ ಊಟ ವಿಚಾರಿಸುವ ಕುರಿತು

ಶೀತಲಗೃಹಗಳ ಉಪವಿಭಾಗ ಕಛೇರಿ, ಶಿಗ್ಗಾಂವ
(ಇಲಾಖೆಯ ಹೆಸರನ್ನು ಬದಲಿಸುವ ಪ್ರಸ್ತಾವನೆ ಪರಿಶೀಲನೆಯಲ್ಲಿರುವುದರಿಂದ ಸದ್ಯಕ್ಕೆ ಖಾಲಿ ಬಿಡಲಾಗಿದೆ)

ಸಂಖ್ಯೆ: ಶೀಗೃ/ನಿಪೆ/ವೈರು/ಬುತ್ತಿ
ದಿನಾಂಕ: ಮೊಹರಿನ ಮಸಿ ಹರಡಿರುವುದರಿಂದ ಅಂದಾಜಿನ ಮೇಲೆ ಓದಿಕೊಳ್ಳುವುದು

ಸುತ್ತೋಲೆ

ವಿಷಯ: ಹಾನಗಲ್, ಶಿಗ್ಗಾಂವ, ಸವಣೂರು ಮತ್ತು ಹಿರೇಕೆರೂರು ಶೀತಲಗೃಹಗಳ ನಿಗಾ ಪೆಟ್ಟಿಗೆಗಳಿಗೆ ಸೆನ್ಸರುಗಳನ್ನು ಜೋಡಿಸುವ, ಜೋಡಿಸಿದ ಮೇಲೆ ಅವುಗಳನ್ನು ಅವುಗಳ ಪಾಡಿಗೆ ಬಿಡುವ, ಹಾಗೂ ಎಚ್ಚರಿಕೆ ಕರೆಗಳಲ್ಲಿ ಊಟ ವಿಚಾರಿಸುವ ಬಗ್ಗೆ.

ಉಲ್ಲೇಖ:
(ಅ) ಧ್ವನಿ ಅಳಿಸುವಂತೆ ಮೇಲಿನ ಕಛೇರಿಯಿಂದ ಬಂದ ಪತ್ರ.
(ಆ) ಅದೇ ಪತ್ರದ ಜ್ಞಾಪನ, ಇನ್ನಷ್ಟು ಸಿಟ್ಟಿನಲ್ಲಿ.
(ಇ) ಎರಡಕ್ಕೂ ಈ ಕಛೇರಿಯಿಂದ ಉತ್ತರ ಹೋಗದೆ ಇರುವುದು.

ಪ್ರಸ್ತಾವನೆ:

ಮೇಲ್ಕಂಡ ನಾಲ್ಕೂ ಶೀತಲಗೃಹಗಳಲ್ಲಿ ತಲಾ ಒಂದು ನಿಗಾ ಪೆಟ್ಟಿಗೆಯನ್ನು ಗೋಡೆಗೆ ಮೊಳೆ ಹೊಡೆದು ಕೂರಿಸಲಾಗಿದೆ. ಸದರಿ ಪೆಟ್ಟಿಗೆಗೆ ಎಂಟು ಪೋರ್ಟುಗಳಿದ್ದು, ಏಳಕ್ಕೆ ಸೆನ್ಸರುಗಳ ವೈರುಗಳನ್ನು ಜೋಡಿಸಲಾಗಿದೆ. ಒಳಗೆ ತಂಪು ಎಷ್ಟಿದೆ, ತೇವ ಎಷ್ಟಿದೆ, ಬಾಗಿಲು ಹಾಕಿದೆಯೋ ತೆರೆದಿದೆಯೋ, ಕರೆಂಟು ಇದೆಯೋ ಹೋಯಿತೋ, ನೆಲದ ಮೇಲೆ ನೀರು ನಿಂತಿದೆಯೋ ಎಂಬಿತ್ಯಾದಿ ಚಾಡಿಯನ್ನು ಸೆನ್ಸರುಗಳು ಪೆಟ್ಟಿಗೆಯ ಕಿವಿಗೆ ಹಾಕತಕ್ಕದ್ದು. ಪೆಟ್ಟಿಗೆಯು ಪಟ್ಟಿಯಲ್ಲಿರುವ ಸಿಬ್ಬಂದಿ, ಮೆಕ್ಯಾನಿಕ್, ಅಧಿಕಾರಿ ಹಾಗೂ ಸರಕು ಇಟ್ಟವರಿಗೆ ಒಬ್ಬರಾದ ಮೇಲೊಬ್ಬರಂತೆ ಫೋನು ಮಾಡಿ ಎಚ್ಚರಿಸತಕ್ಕದ್ದು. ವ್ಯವಸ್ಥೆ ಇಷ್ಟೇ. ಇದರಲ್ಲಿ ಕೆಡುವುದಕ್ಕೆ ಏನಿದೆ ಎಂದು ಪೆಟ್ಟಿಗೆ ಪೂರೈಸಿದ ಕಂಪನಿಯವರು ಕೇಳಿದ್ದರು. ಅವರು ಈ ಭಾಗಕ್ಕೆ ಹೊಸಬರು.

ಮೊದಲಿಗೆ ಪೆಟ್ಟಿಗೆಯು ಕಂಪನಿಯ ಧ್ವನಿಯಲ್ಲೇ ಮಾತನಾಡುತ್ತಿತ್ತು. ಯಾರೋ ಗಂಟಲು ಕಟ್ಟಿದ ಮಹನೀಯರು 'ಅಪಾಯ, ಅಪಾಯ, ತಾಪಮಾನ ಮಿತಿ ಮೀರಿದೆ' ಎಂದು ಅರಚುತ್ತಿದ್ದರು. ಹಿರೇಕೆರೂರಿನ ಆಪರೇಟರ್ ಚನ್ನೇಶ ಅವರು ಇದನ್ನು ಬ್ಯಾಂಕಿನ ಹೆಸರಿನಲ್ಲಿ ಮೋಸ ಮಾಡುವವರ ಕರೆ ಎಂದು ಭಾವಿಸಿ ಫೋನು ಕಡಿದದ್ದಲ್ಲದೆ, ಸದರಿ ನಂಬರನ್ನು ಬ್ಲಾಕ್ ಕೂಡ ಮಾಡಿದರು. ಹೀಗೆ ಇಲಾಖೆಯ ಪೆಟ್ಟಿಗೆಯನ್ನು ಇಲಾಖೆಯವರೇ ಬ್ಲಾಕ್ ಮಾಡಿದ ಪ್ರಥಮ ಪ್ರಕರಣ ದಾಖಲಾದ್ದರಿಂದ, ಕೇಳಿದರೆ ನಮ್ಮವರು ಅನ್ನಿಸುವಂಥ ಧ್ವನಿಯೊಂದನ್ನು ತುಂಬಲು ತೀರ್ಮಾನಿಸಲಾಯಿತು.

ಪೆಟ್ಟಿಗೆಗಳ ವೈರಿಂಗ್ ಮಾಡಿದ ಬಂಕಾಪುರದ ಮೆಕ್ಯಾನಿಕ್ ಇರ್ಫಾನ ಅವರಿಗೆ ಈ ಕೆಲಸ ವಹಿಸಲಾಯಿತು. ಸವಣೂರು ಶೀತಲಗೃಹದ ಗಂಡಸರೆಲ್ಲ ಮೈಕು ಕಂಡ ಕೂಡಲೇ ಕೆಮ್ಮಿದ್ದರಿಂದ, ಅಲ್ಲಿ ಕಸ ಗುಡಿಸಿ ಬಾಗಿಲು ಹಾಕಿ ತೆಗೆಯುವ ಶ್ರೀಮತಿ ಯಂಕವ್ವ ಅವರನ್ನು ಕೋರಲಾಯಿತು. ಈ ಕುರಿತು ಇರ್ಫಾನ ಅವರ ಹೇಳಿಕೆ: "ಅವ್ವಾ, ಬಾಗಲಾ ತೆರದೈತಿ, ಒಳಗ ಸೆಕಿ ಆಗೇತಿ, ಲಗೂ ಬರ್ರಿ, ಇಷ್ಟ ಹೇಳಿದ್ರ ಸಾಕು ಅಂದ್ನಿರಿ ಸರ್. ಆಕಿ ನನಗ ಬೈದ್ಲು." ಬೈದದ್ದು ಹೀಗೆ: "ಫೋನ್ ಎತ್ತಿದ ಕೂಡ್ಲೇ ಕೆಟ್ಟ ಸುದ್ದಿ ಹೇಳಿದ್ರ ಕೇಳಿದಾವರ ಎದಿ ಝಲ್ ಅನ್ನೂದಿಲ್ಲೇನೋ ತಮ್ಮಾ? ಮೊದಲ ಆರಾಮ ಕೇಳಬೇಕು, ಊಟಾ ಕೇಳಬೇಕು. ಆಮ್ಯಾಲ ಸಾವಕಾಶ ಹೇಳಬೇಕು."

ಅದರಂತೆ ತುಂಬಿದ ಧ್ವನಿಯ ಯಥಾಪ್ರತಿ: "ಸಾಹೇಬ್ರ, ನಮಸ್ಕಾರ್ರಿ. ನಾ ಯಂಕವ್ವ ಮಾತಾಡಾಕತ್ತೇನಿ. ಆರಾಮ ಅದೀರಿಲ್ರಿ? ಊಟಾ ಆತ್ರಿ? ಹೊತ್ತಿಗೆ ಸರಿಯಾಗಿ ಉಣ್ರಿ, ಬರೇ ಚಾ ಕುಡಕೋಂತ ಕುಂದರಬ್ಯಾಡ್ರಿ. ಮನಿಯಾಗ ಎಲ್ಲಾರೂ ಚಲೋ ಅದಾರಿಲ್ರಿ? ಮತ್ತ ಗಾಬರಿ ಆಗಬ್ಯಾಡ್ರಿ, ಒಂದ ಮಾತ ಹೇಳೂದಿತ್ತು, ಏನಂದ್ರ"

ಇಲ್ಲಿಗೆ ಇಪ್ಪತ್ತು ಸೆಕೆಂಡು ಮುಗಿಯುತ್ತದೆ. ಪೆಟ್ಟಿಗೆಯಲ್ಲಿ ಅದಕ್ಕಿಂತ ಹೆಚ್ಚು ಧ್ವನಿ ಹಿಡಿಯುವುದಿಲ್ಲ. ಇದು ಯಾರ ಗಮನಕ್ಕೂ ಬಾರದೆ, ಸದರಿ ಧ್ವನಿಯನ್ನೇ ನಾಲ್ಕೂ ಪೆಟ್ಟಿಗೆಗಳ ಏಳೇಳು ಪೋರ್ಟುಗಳಿಗೂ ತುಂಬಲಾಯಿತು. ಅಂದಿನಿಂದ ನಾಲ್ಕು ತಾಲೂಕುಗಳಲ್ಲಿ ಯಾವುದೇ ಅವಘಡ ಸಂಭವಿಸಿದರೂ ಸಂಬಂಧಪಟ್ಟವರೆಲ್ಲರ ಊಟ ವಿಚಾರಿಸಲಾಗುತ್ತಿತ್ತು. ಏನು ಅವಘಡ ಎಂದು ಮಾತ್ರ ತಿಳಿಯುತ್ತಿರಲಿಲ್ಲ. ಅಷ್ಟಾದರೂ ಸಿಬ್ಬಂದಿಯಿಂದ ಒಂದೇ ಒಂದು ದೂರು ಬಂದಿರುವುದಿಲ್ಲ.

ಹೀಗಿರಲು ಒಂದು ಸಂಜೆ ಸವಣೂರಿನ ಶೀತಲಗೃಹದ ಬಾಗಿಲು ತೆರೆದೇ ಉಳಿದು, ಒಳಗೆ ಸೆಕೆ ತುಂಬಿ, ನಬೀಸಾಬ ಎಂಬ ವ್ಯಾಪಾರಸ್ಥರು ಇಟ್ಟಿದ್ದ ವೀಳ್ಯದೆಲೆಗಳು ಬುಟ್ಟಿಯಲ್ಲೇ ಕಪ್ಪಿಟ್ಟವು. ಪೆಟ್ಟಿಗೆಯು ತನ್ನ ಕರ್ತವ್ಯದಲ್ಲಿ ಲೋಪವೆಸಗಿರುವುದಿಲ್ಲ. ಪಟ್ಟಿಯಲ್ಲಿದ್ದ ಎಲ್ಲರಿಗೂ ಫೋನು ಮಾಡಿತ್ತು. ಇರ್ಫಾನ ಅವರು ಉಂಡೆನೆಂದು ತಿಳಿಸಿ ಫೋನು ಇಟ್ಟರು. ಸ್ವತಃ ನಬೀಸಾಬ ಅವರಿಗೂ ಕರೆ ಹೋಗಿದ್ದು, ಅವರು ತಮ್ಮ ಎಲೆಗಳು ಕೊಳೆಯುತ್ತಿದ್ದ ಆ ಹೊತ್ತಿನಲ್ಲಿ "ಅಲ್ಲಾನ ದಯಾದಿಂದ ಎಲ್ಲಾ ಆರಾಮ ಐತಿ ಅಕ್ಕಾ, ನೀವು ಹೆಂಗದೀರಿ" ಎಂದು ವಿಚಾರಿಸಿ, ಉತ್ತರ ಬಾರದ್ದರಿಂದ ಸಿಗ್ನಲ್ ಹೋಗಿರಬೇಕೆಂದು ಸುಮ್ಮನಾದರು. ಮರುದಿನ ಕಪ್ಪಾದ ಎಲೆಗಳ ಬುಟ್ಟಿ ಹೊತ್ತು ಈ ಕಛೇರಿಗೆ ಬಂದು ಅವರು ನೀಡಿದ ಹೇಳಿಕೆ: "ಎಲಿ ಹೋದ್ರ ಹೋಗ್ಲಿರಿ, ಬಳ್ಳಿ ಐತಿ, ಮತ್ತ ಬರ್ತಾವ. ಆ ಅಕ್ಕಗ ಏನೂ ಅನಬ್ಯಾಡ್ರಿ." ಆದರೆ ಮೇಲಿನ ಕಛೇರಿಗೆ ಬಳ್ಳಿಯ ವಿಚಾರ ಗೊತ್ತಿಲ್ಲದ ಕಾರಣ, ಏಳೂ ಪೋರ್ಟುಗಳಿಗೆ ತುಂಬಿದ ಯಂಕವ್ವ ಅವರ ಧ್ವನಿಯನ್ನು ತಿಂಗಳೊಳಗೆ ಅಳಿಸಿ ಕಂಪನಿಯ ಧ್ವನಿಯನ್ನು ಮರಳಿ ಹಾಕುವಂತೆ ಆದೇಶ ಬಂದಿದೆ.

ಸದರಿ ಆದೇಶ ತಲುಪಿದ್ದು ಈ ಉಪವಿಭಾಗದ ಅಭಿಯಂತರರಾದ ಶ್ರೀ ಪರಮೇಶ್ವರಪ್ಪನವರಿಗೆ (ಇನ್ನು ಮುಂದೆ 'ಕೆಳಸಹಿದಾರರು'). ಕೆಳಸಹಿದಾರರು ವರ್ಗವಾಗಿ ಶಿಗ್ಗಾಂವಕ್ಕೆ ಬಂದು ಕ್ವಾರ್ಟರ್ಸಿನಲ್ಲಿ ಒಬ್ಬರೇ ವಾಸವಾಗಿದ್ದಾರೆ. ಅವರ ಧರ್ಮಪತ್ನಿ ನೀಲಾಂಬಿಕಾ ಅವರು ತೀರಿಕೊಂಡ ಮೇಲೆ 'ಊಟ ಆಯಿತೇ' ಎಂಬ ಪ್ರಶ್ನೆಯನ್ನು ಅವರಿಗೆ ಅಧಿಕೃತವಾಗಿಯಾಗಲಿ ಅನಧಿಕೃತವಾಗಿಯಾಗಲಿ ಯಾರೂ ಕೇಳಿರುವುದಿಲ್ಲ. ಪೆಟ್ಟಿಗೆ ಕೇಳುತ್ತಿತ್ತು. ಆದ್ದರಿಂದ ಆದೇಶದ ಕಾಗದ ಮೇಜಿನ ಮೇಲೆ ಪೇಪರ್‌ವೇಟಿನ ಕೆಳಗೆ ಬಹಳ ದಿನ ಇತ್ತು, ಮತ್ತು ಕೆಳಸಹಿದಾರರಿಗೆ ಅದನ್ನು ನೋಡಿದಾಗಲೆಲ್ಲ ಸಂಕಟವಾಗುತ್ತಿತ್ತು ಎಂಬುದನ್ನು ಇಲ್ಲಿ ದಾಖಲಿಸಲಾಗಿದೆ.

ಆದರೂ ಆದೇಶ ಆದೇಶವೇ. ಬಾಗಿಲು, ವೈರು, ಸೆನ್ಸರು ಇವೆಲ್ಲ ಸರಿಯಾಗಿದ್ದರೆ ಅವಘಡವೇ ಆಗುವುದಿಲ್ಲ, ಅವಘಡ ಆಗದಿದ್ದರೆ ಯಾರ ಧ್ವನಿಯಿದ್ದರೇನು ಎಂಬ ವಾದವನ್ನು ಮೇಲಿನ ಕಛೇರಿಯ ಮುಂದಿಡುವ ಉದ್ದೇಶದಿಂದ ಕೆಳಸಹಿದಾರರು ನಾಲ್ಕೂ ಕಡೆ ಜೀಪಿನಲ್ಲಿ ಸುತ್ತಿ ತಪಾಸಣೆ ನಡೆಸಿದರು. ಕಂಡದ್ದನ್ನು ಕಂಡ ಮೇಲೆ ಆ ವಾದವನ್ನು ಕೈಬಿಡಲಾಗಿದೆ. ಬದಲಿಗೆ ಈ ಕೆಳಗಿನಂತೆ ಸೂಚಿಸಲಾಗಿದೆ:

೧. ತಂಪು ಅಳೆಯುವ ಸೆನ್ಸರಿಗೆ ಯಾವುದೇ ಹೊದಿಕೆ ಹೊದಿಸತಕ್ಕದ್ದಲ್ಲ. ಹಾನಗಲ್ಲಿನಲ್ಲಿ ಮಾವಿನ ಹಣ್ಣುಗಳ ನಡುವೆ ತೂಗುಬಿಟ್ಟ ಸೆನ್ಸರಿಗೆ ಥಂಡಿ ಹತ್ತೀತು ಎಂಬ ಕನಿಕರದಿಂದ ಸಿಬ್ಬಂದಿಯು ಕಂಬಳಿಯ ತುಂಡನ್ನು ಸುತ್ತಿದ್ದು ಕಂಡುಬಂದಿದೆ. ಸೆನ್ಸರು ಕಂಬಳಿಯೊಳಗಿನ ಹವೆಯನ್ನು ವರದಿ ಮಾಡುತ್ತಿತ್ತು. ಥಂಡಿ ಹತ್ತುವುದೇ ಅದರ ನೌಕರಿ ಎಂಬುದನ್ನು ಸಿಬ್ಬಂದಿಗೆ ತಿಳಿಯಪಡಿಸುವುದು. ಕಂಬಳಿಯನ್ನು ವಾಪಸು ಪಡೆದವರು ಸಹಿ ಮಾಡತಕ್ಕದ್ದು.

೨. ಸೆನ್ಸರಿನ ವೈರು ಬಟ್ಟೆ ಒಣಹಾಕುವ ಹಗ್ಗವಲ್ಲ. ಟವೆಲ್ಲು, ಚೀಲ ಹಾಗೂ ಮೆಣಸಿನಕಾಯಿ ಇವುಗಳನ್ನು ಅದರ ಮೇಲೆ ಹಾಕತಕ್ಕದ್ದಲ್ಲ. ಕರವಸ್ತ್ರದ ಬಗ್ಗೆ ಸ್ಪಷ್ಟೀಕರಣ ಕೋರಲಾಗಿದೆ. ಅದು ಬರುವವರೆಗೆ ಕರವಸ್ತ್ರವನ್ನು ಕಿಸೆಯಲ್ಲಿಯೇ ಒಣಗಿಸಿಕೊಳ್ಳುವುದು.

೩. ತೇವದ ಸೆನ್ಸರಿನ ಮೇಲೆ ನೀರು ಚಿಮುಕಿಸತಕ್ಕದ್ದಲ್ಲ. ಸವಣೂರಿನಲ್ಲಿ ಎಲೆಯ ಬುಟ್ಟಿಗೆ ನೀರು ಚಿಮುಕಿಸುವವರು ರೂಢಿಬಲದಿಂದ ಪಕ್ಕದಲ್ಲಿದ್ದ ಸೆನ್ಸರಿಗೂ ಚಿಮುಕಿಸುತ್ತ ಬಂದಿದ್ದು, ಪೆಟ್ಟಿಗೆಯು ಶೀತಲಗೃಹದೊಳಗೆ ಮಳೆಯಾಗುತ್ತಿದೆ ಎಂಬ ತೀರ್ಮಾನಕ್ಕೆ ಬಂದಿದೆ. ಸೆನ್ಸರು ಬಾಡುವ ವಸ್ತುವಲ್ಲ.

೪. ಕೆಂಪು ವೈರನ್ನು ಕೂಡಿಸುವ ಗುರುತಿಗೂ ಕಪ್ಪು ವೈರನ್ನು ಕಳೆಯುವ ಗುರುತಿಗೂ ಜೋಡಿಸತಕ್ಕದ್ದು. ಅಮಾವಾಸ್ಯೆಯ ದಿನ ಕಪ್ಪು ವೈರು ಮುಟ್ಟುವುದಿಲ್ಲ ಎಂದು ಶಿಗ್ಗಾಂವದ ಸಿಬ್ಬಂದಿ ಎರಡೂ ಕಡೆ ಕೆಂಪನ್ನೇ ಜೋಡಿಸಿದ್ದರಿಂದ ಮುಂದೆ ಯಾವುದು ಯಾವುದೆಂದು ಯಾರಿಗೂ ತಿಳಿಯದೆ, ಎರಡು ಸೆನ್ಸರುಗಳು ಪ್ರಾಣ ಬಿಟ್ಟಿವೆ. ಇನ್ನು ಮುಂದೆ ಅಮಾವಾಸ್ಯೆಯ ದಿನ ವೈರಿಂಗ್ ಕೆಲಸವನ್ನೇ ಕೈಗೊಳ್ಳತಕ್ಕದ್ದಲ್ಲ. ಪಾಡ್ಯದ ದಿನ ಎರಡು ದಿನದ ಕೆಲಸ ಮಾಡತಕ್ಕದ್ದು.

೫. ಸೆನ್ಸರು ಸರಿಯಿದೆಯೇ ಎಂದು ನೋಡಲು ಅದನ್ನು ಐಸು ಕಲಸಿದ ನೀರಿನಲ್ಲಿ ಅದ್ದಿ ಸೊನ್ನೆ ತೋರಿಸುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಐಸನ್ನು ಶರಬತ್ತಿನ ಗಾಡಿಯಿಂದ ತರುವುದಾದಲ್ಲಿ ಬಣ್ಣ ಹಾಕುವ ಮುಂಚೆಯೇ ತರತಕ್ಕದ್ದು. ಪರೀಕ್ಷೆಯ ನಂತರ ಉಳಿದ ಐಸನ್ನು ಸಿಬ್ಬಂದಿ ಸೇವಿಸಲು ಅಭ್ಯಂತರವಿಲ್ಲ, ಆದರೆ ಮೊದಲು ಸೆನ್ಸರನ್ನು ಹೊರಗೆ ತೆಗೆಯತಕ್ಕದ್ದು. ಹಿರೇಕೆರೂರಿನವರು ಇದನ್ನು ವಿಶೇಷವಾಗಿ ಗಮನಿಸುವುದು.

೬. ಸಂಜೆ ದೀಪ ಹಚ್ಚುವ ಹೊತ್ತಿಗೆ ಲಕ್ಷ್ಮಿ ಬರುತ್ತಾಳೆಂದು ಶೀತಲಗೃಹದ ಬಾಗಿಲನ್ನು ತೆರೆದಿಡುವ ಪದ್ಧತಿ ನಾಲ್ಕೂ ಕಡೆ ಇದೆ. ಎಲೆ ಕಪ್ಪಿಟ್ಟದ್ದು ಇದರಿಂದಲೇ. ಇಲಾಖೆಯು ಯಾರ ನಂಬಿಕೆಗೂ ಅಡ್ಡ ಬರುವುದಿಲ್ಲ, ಲಕ್ಷ್ಮಿಯ ಆಗಮನವನ್ನಂತೂ ಸ್ವಾಗತಿಸುತ್ತದೆ. ಆದರೆ ಆಕೆಯು ಇನ್ನು ಮುಂದೆ ಸೆನ್ಸರು ಇಲ್ಲದ ಆಫೀಸು ಕೋಣೆಯ ಬಾಗಿಲಿನಿಂದ ಬರತಕ್ಕದ್ದು. ಒಳಗೆ ಬಂದ ಮೇಲೆ ಶೀತಲಗೃಹಕ್ಕೆ ಹೋಗಲೇಬೇಕೆಂದಲ್ಲಿ ಸಿಬ್ಬಂದಿಯು ಬಾಗಿಲನ್ನು ತೆರೆದು ಕೂಡಲೇ ಹಾಕತಕ್ಕದ್ದು. ಆಕೆ ಹೊರಗೆ ಹೋಗುವ ಬಾಗಿಲಿನ ಬಗ್ಗೆ ಯಾವ ಸೂಚನೆಯೂ ಇರುವುದಿಲ್ಲ.

೭. ಪೂಜೆಯ ದಿನ ಪೆಟ್ಟಿಗೆಯ ಹೊರಮೈಗೆ ವಿಭೂತಿ, ಕುಂಕುಮ ಹಚ್ಚಬಹುದು. ಪೋರ್ಟುಗಳಿಗೆ ಹಚ್ಚತಕ್ಕದ್ದಲ್ಲ. ನಿಂಬೆಹಣ್ಣನ್ನು ಪೆಟ್ಟಿಗೆಯ ಮೇಲೆ ಹಿಂಡತಕ್ಕದ್ದಲ್ಲ, ಏಕೆಂದರೆ ರಸದ ಮೂಲಕ ಕರೆಂಟು ಹರಿಯುತ್ತದೆ ಎಂಬುದು ಹಾನಗಲ್ಲಿನಲ್ಲಿ ಸಾಬೀತಾಗಿದೆ.

೮. ಪೆಟ್ಟಿಗೆಯಿಂದ ಬಂದ ಕರೆಗೆ ಉತ್ತರ ಹೇಳತಕ್ಕದ್ದಲ್ಲ. ಪೆಟ್ಟಿಗೆಗೆ ಬಾಯಿ ಇದ್ದರೂ ಮನುಷ್ಯರ ಮಾತು ಕೇಳುವ ಕಿವಿ ಇರುವುದಿಲ್ಲ. ಸಿಬ್ಬಂದಿಯು ತಮ್ಮ ಊಟ, ಮಂಡಿನೋವು, ಎಮ್ಮೆ ಹಾಲು ಕೊಡದೆ ಇರುವುದು, ಸೊಸೆ ತವರಿಗೆ ಹೋಗಿ ಬಾರದಿರುವುದು ಮುಂತಾದ ವಿಷಯಗಳನ್ನು ಸದರಿ ಯಂತ್ರಕ್ಕೆ ಸವಿಸ್ತಾರವಾಗಿ ತಿಳಿಸಿದ್ದು ಕೇಳಿಬಂದಿದೆ. ಕೆಳಸಹಿದಾರರು ಕೂಡ ಒಮ್ಮೆ ಜಿಲ್ಲಾ ಸಭೆಯ ಮಧ್ಯೆ "ಇನ್ನೂ ಇಲ್ಲವ್ವಾ, ಸಭಾ ಮುಗೀಲಿ, ಉಣ್ತೇನಿ" ಎಂದದ್ದು ನಡಾವಳಿಯಲ್ಲಿ ನಮೂದಾಗಿದೆ. ಅದನ್ನು ಪೂರ್ವನಿದರ್ಶನವಾಗಿ ಪರಿಗಣಿಸತಕ್ಕದ್ದಲ್ಲ.

೯. ಅವಘಡವನ್ನು ಮೊದಲು ಹೇಳಿ ಊಟವನ್ನು ನಂತರ ಕೇಳುವಂತೆ ಧ್ವನಿಯನ್ನು ತಿರುಗಿಸಿ ತುಂಬಿದರೆ ಎರಡೂ ಉಳಿಯುತ್ತವೆ ಎಂದು ಕೆಳಸಹಿದಾರರು ಆಸೆಪಟ್ಟು ಸವಣೂರಿಗೆ ತೆರಳಿದರು. ಯಂಕವ್ವ ಅವರು ಕಸಬರಿಗೆಯನ್ನು ಗೋಡೆಗೆ ಆನಿಸಿ ಎಲ್ಲವನ್ನೂ ಕೇಳಿಸಿಕೊಂಡು ನಿರಾಕರಿಸಿದರು. "ಕೆಟ್ಟ ಸುದ್ದಿ ಹೇಳಿ ಆಮ್ಯಾಲ ಊಟಾ ಆತೇನ್ರಿ ಅಂತ ಕೇಳೂದ? ಯಾವ ಬಾಯಿಲೆ ಉಣ್ತಾರ್ರಿ ಅವ್ರು? ಅದ್ರಕಿಂತಾ ತಗದ ಹಾಕ್ರಿ, ನನಗೇನ ಬ್ಯಾಸರಿಲ್ಲ." ಈ ತಾಂತ್ರಿಕ ಆಕ್ಷೇಪಣೆಗೆ ಇಲಾಖೆಯ ಕೈಪಿಡಿಯಲ್ಲಿ ಉತ್ತರ ಸಿಕ್ಕಿರುವುದಿಲ್ಲ.

೧೦. ಆದ್ದರಿಂದ ಒಂದರಿಂದ ಏಳರವರೆಗಿನ ಪೋರ್ಟುಗಳಲ್ಲಿ ಯಂಕವ್ವ ಅವರ ಧ್ವನಿಯನ್ನು ಅಳಿಸಿ, ಗಂಟಲು ಕಟ್ಟಿದ ಮಹನೀಯರನ್ನು ಮರುನೇಮಕ ಮಾಡಲಾಗಿದೆ. ಚನ್ನೇಶ ಅವರು ಕೂಡಲೇ ಬ್ಲಾಕ್ ತೆಗೆಯತಕ್ಕದ್ದು. ಕೆಲಸವನ್ನು ಇರ್ಫಾನ ಅವರು ಕೆಳಸಹಿದಾರರ ಸಮಕ್ಷಮ ಪೂರೈಸಿದರು. ಒಂದೊಂದು ಪೋರ್ಟು ಅಳಿಸುವಾಗಲೂ ಒಮ್ಮೆ ಕೇಳಿ ಅಳಿಸುವಂತೆ ಕೆಳಸಹಿದಾರರು ಸೂಚಿಸಿದ್ದು, ಅದು ಪರಿಶೀಲನೆಯ ಕ್ರಮವೆಂದು ತಿಳಿಯತಕ್ಕದ್ದು. ನಿಜವಾಗಿ ಅದು ಪರಿಶೀಲನೆಯ ಕ್ರಮವಾಗಿರಲಿಲ್ಲ.

೧೧. ಎಂಟನೆಯ ಪೋರ್ಟಿನ ಬಗ್ಗೆ ಮೇಲಿನ ಕಛೇರಿಯ ಪತ್ರವು ಮೌನ ವಹಿಸಿರುವುದನ್ನು ಇರ್ಫಾನ ಅವರು ಗಮನಕ್ಕೆ ತಂದರು. "ಅದ ಖಾಲಿ ಐತ್ರಿ ಸರ್. ಒಂದ ಬಾಗಲಾ ಸೆನ್ಸರೂ ಉಳದೈತಿ. ನಿಮ್ಮ ಬುತ್ತಿ ಡಬ್ಬಿಗೆ ಹಚ್ಚಲ್ರಿ?" ಪರಿಣಾಮವಾಗಿ, ಕೆಳಸಹಿದಾರರಿಗೆ ಖಾನಾವಳಿಯಿಂದ ಬರುವ ಡಬ್ಬಿಯ ಮುಚ್ಚಳಕ್ಕೆ ಸೆನ್ಸರಿನ ಒಂದು ಭಾಗವನ್ನೂ ಕಂಠಕ್ಕೆ ಇನ್ನೊಂದು ಭಾಗವನ್ನೂ ಅಂಟಿಸಿ, ವೈರನ್ನು ಕಿಟಕಿಗೆ ತೂತು ಕೊರೆದು ಹಾಯಿಸಿ, ಕಛೇರಿಯ ಪಕ್ಕದಲ್ಲೇ ಇರುವ ಶಿಗ್ಗಾಂವ ಶೀತಲಗೃಹದ ಪೆಟ್ಟಿಗೆಯ ಎಂಟನೆಯ ಪೋರ್ಟಿಗೆ ಪ್ರಾಯೋಗಿಕವಾಗಿ ಜೋಡಿಸಲಾಯಿತು. ಮಧ್ಯಾಹ್ನ ಎರಡರೊಳಗೆ ಮುಚ್ಚಳ ತೆರೆಯದಿದ್ದಲ್ಲಿ ಅದನ್ನು ಅವಘಡವೆಂದು ಪರಿಗಣಿಸಿ, ಇರ್ಫಾನ ಅವರ ಬಳಿ ಪ್ರತಿ ಉಳಿದಿದ್ದ ಯಂಕವ್ವ ಅವರ ಧ್ವನಿಯಲ್ಲಿ ಕರೆ ಹೋಗತಕ್ಕದ್ದು. ಈ ಕರೆಯಲ್ಲಿ ಕೊನೆಗೆ ಹೇಳಬೇಕಾದದ್ದು ಏನೂ ಇಲ್ಲದ್ದರಿಂದ ಇಪ್ಪತ್ತು ಸೆಕೆಂಡು ಧಾರಾಳವಾಗಿ ಸಾಕಾಗುತ್ತದೆ.

೧೨. ಪ್ರಯೋಗದ ಫಲಿತಾಂಶ ಕೆಳಗಿನಂತಿರುತ್ತದೆ.

ಮೊದಲ ದಿನ ಕೆಳಸಹಿದಾರರಿಗೆ ಹಸಿವಾಗಿ ಒಂದು ಗಂಟೆಗೇ ಮುಚ್ಚಳ ತೆರೆದರು. ಕರೆ ಬರಲಿಲ್ಲ. ವ್ಯವಸ್ಥೆಯು ನೂರಕ್ಕೆ ನೂರು ಯಶಸ್ವಿಯಾಯಿತು, ಮತ್ತು ಕೆಳಸಹಿದಾರರು ಅರ್ಧ ರೊಟ್ಟಿ ಬಿಟ್ಟು ಡಬ್ಬಿ ಮುಚ್ಚಿದರು.

ಮರುದಿನ ಅವರು ಮುಚ್ಚಳ ತೆರೆಯಲಿಲ್ಲ. ಎರಡಕ್ಕೆ ಸರಿಯಾಗಿ ಫೋನು ಬಂತು. ಆರಾಮ ಅದೀರಿಲ್ರಿ, ಊಟಾ ಆತ್ರಿ. ಕೇಳಿ, ಫೋನು ಇಟ್ಟು, ಡಬ್ಬಿಯನ್ನು ಹಾಗೆಯೇ ಮುಂದಿಟ್ಟುಕೊಂಡು ಕುಳಿತರು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು. ಮತ್ತೂ ಬಂತು. ಹಸಿದು ಕುಳಿತರೆ ವಿಚಾರಿಸುತ್ತಾರೆ, ಉಂಡರೆ ವಿಚಾರಿಸುವುದಿಲ್ಲ ಎಂಬ ಲೋಪವು ವೈರಿಂಗಿನಲ್ಲಿ ಇದ್ದದ್ದಲ್ಲ, ವಿನ್ಯಾಸದಲ್ಲೇ ಇದ್ದದ್ದು.

ಪಟ್ಟಿಯ ಪ್ರಕಾರ ಕರೆಯು ಇರ್ಫಾನ ಅವರಿಗೂ ಹೋಯಿತು. ಆ ಧ್ವನಿ ಉಳಿದಿರುವುದು ಡಬ್ಬಿಯ ಪೋರ್ಟಿನಲ್ಲಿ ಮಾತ್ರವಾದ್ದರಿಂದ ಸಂಗತಿ ತಿಳಿದುಕೊಂಡ ಅವರು ಸವಣೂರಿಗೆ ಸುದ್ದಿ ಮುಟ್ಟಿಸಿದರು. ಸಂಜೆಯಾಗುತ್ತ ಬಂದಾಗ ಕೆಳಸಹಿದಾರರ ಫೋನು ಇನ್ನೊಮ್ಮೆ ರಿಂಗಾಯಿತು. ನಂಬರು ಬೇರೆ, ಧ್ವನಿ ಅದೇ.

"ಸಾಹೇಬ್ರ, ಡಬ್ಬಿ ತಗೀರಿ."

ನಮಸ್ಕಾರವಿಲ್ಲ, ಆರಾಮ ಕೇಳಲಿಲ್ಲ. ಇರ್ಫಾನ ಹೊಸದಾಗಿ ಏನೋ ತುಂಬಿದ್ದಾರೆಂದು ತಿಳಿದು ಕೆಳಸಹಿದಾರರು ಕಂಡಿಕೆ ೮ರಂತೆ ಮೌನ ವಹಿಸಿದರು.

"ಪೆಟಿಗಿ ಅಲ್ರಿ, ನಾ ಅದೇನಿ. ಮಾತಾಡ್ರಿ. ಉಪವಾಸ ಕುಂತ್ರ ಯಾರಿಗ್ರಿ ಚಲೋ?"

ಕೆಳಸಹಿದಾರರು ಮುಚ್ಚಳ ತೆರೆದರು. ರೊಟ್ಟಿ ಸೆಟೆದಿತ್ತು, ಬದನೆಕಾಯಿ ಪಲ್ಯ ಆರಿತ್ತು.

"ಉಣ್ರಿ. ಅಲ್ಲಿತನಾ ನಾ ಫೋನ್ ಹಿಡಕೊಂಡಿರ್ತೇನಿ."

ಅತ್ತ ಆಕೆ ಯಾರಿಗೋ ಬಾಗಿಲು ಹಾಕಲು ಹೇಳುತ್ತಿದ್ದದ್ದೂ ಕಸಬರಿಗೆಯ ಸದ್ದೂ ಕೇಳುತ್ತಿದ್ದವು. ಇತ್ತ ಕೆಳಸಹಿದಾರರು ಡಬ್ಬಿಯಲ್ಲಿ ಏನೂ ಉಳಿಸದೆ ಊಟ ಮಾಡಿದರು. ನಂತರ "ಉಂಡೆನವ್ವಾ" ಎಂದರು. "ಹಾಂ, ಆತು. ನೀರ ಕುಡೀರಿ" ಎಂದು ಆ ಕಡೆಯಿಂದ ಉತ್ತರ ಬಂತು. ಇಷ್ಟು ತಿಂಗಳಲ್ಲಿ ಅವರು ಹೇಳಿದ್ದನ್ನು ಕೇಳಿಸಿಕೊಂಡ ಪ್ರಥಮ ಕರೆ ಅದಾಗಿರುತ್ತದೆ. ಅವರ ಕಣ್ಣುಗಳು ತುಂಬಿದವು. ಇದಕ್ಕೆ ಮೆಣಸಿನಕಾಯಿ ಕಾರಣವೆಂದು ಅಟೆಂಡರಿಗೆ ತಿಳಿಸಲಾಯಿತು.

ಫೋನು ಇಟ್ಟ ಮೇಲೆ ಹೊಳೆದ ಸಂಗತಿ ಏನೆಂದರೆ, ಯಂಕವ್ವ ಅವರ ಊಟವಾಗಿತ್ತೇ ಎಂಬುದನ್ನು ಕೆಳಸಹಿದಾರರು ಕೇಳಿರುವುದಿಲ್ಲ. ಅಂದು ಮಾತ್ರವಲ್ಲ, ನಾಲ್ಕು ತಾಲೂಕುಗಳಲ್ಲಿ ಆಕೆಯ ಧ್ವನಿಗೆ ತಮ್ಮ ತಮ್ಮ ಊಟದ ವರದಿ ಒಪ್ಪಿಸಿದವರಲ್ಲಿ ನಬೀಸಾಬ ಅವರೊಬ್ಬರನ್ನು ಬಿಟ್ಟು ಯಾರೂ ಆಕೆಯ ಬಗ್ಗೆ ವಿಚಾರಿಸಿದ ಬಗ್ಗೆ ಕಡತದಲ್ಲಿ ಮಾಹಿತಿ ಲಭ್ಯವಿಲ್ಲ.

೧೩. ಮೇಲಿನ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಡಬ್ಬಿಯ ಸೆನ್ಸರನ್ನು ಬಿಚ್ಚಿ ಸ್ಟೋರಿಗೆ ಜಮಾ ಮಾಡಲಾಗಿದೆ. ಇನ್ನು ಮುಂದೆ ಅವಘಡಗಳನ್ನು ಪೆಟ್ಟಿಗೆಯೂ ಊಟವನ್ನು ಮನುಷ್ಯರೂ ವಿಚಾರಿಸತಕ್ಕದ್ದು. ಈ ಎರಡು ಜವಾಬ್ದಾರಿಗಳನ್ನು ಪರಸ್ಪರ ವರ್ಗಾಯಿಸಲು ಅವಕಾಶವಿರುವುದಿಲ್ಲ.

ಈ ಸುತ್ತೋಲೆಯು ಓದಿದ ಕೂಡಲೇ ಜಾರಿಗೆ ಬರುತ್ತದೆ. ಮಧ್ಯಾಹ್ನ ಓದುತ್ತಿರುವವರಿಗೆ ಊಟದ ನಂತರ ಜಾರಿಗೆ ಬರುತ್ತದೆ.

(ಸಹಿ)
ಪರಮೇಶ್ವರಪ್ಪ
ಅಭಿಯಂತರರು
ಶೀತಲಗೃಹಗಳ ಉಪವಿಭಾಗ, ಶಿಗ್ಗಾಂವ

ಪ್ರತಿಗಳು:

೧. ಮೇಲಿನ ಕಛೇರಿಗೆ, ಒಂದರಿಂದ ಹತ್ತರವರೆಗಿನ ಕಂಡಿಕೆಗಳನ್ನು ಮಾತ್ರ, ಗೌರವಪೂರ್ವಕವಾಗಿ.
೨. ಹಾನಗಲ್ ಶೀತಲಗೃಹಕ್ಕೆ, ಕಂಬಳಿಯ ತುಂಡಿನೊಂದಿಗೆ.
೩. ಶ್ರೀ ಚನ್ನೇಶ, ಹಿರೇಕೆರೂರು ಇವರಿಗೆ, 'ಬ್ಲಾಕ್ ತೆಗೆದಿದ್ದೇನೆ' ಎಂಬ ದೃಢೀಕರಣ ಕೋರಿ.
೪. ಶ್ರೀ ನಬೀಸಾಬ, ಸವಣೂರು ಇವರಿಗೆ, ಕ್ಷಮೆ ಕೋರಿ.
೫. ಶ್ರೀ ಇರ್ಫಾನ, ಬಂಕಾಪುರ ಇವರಿಗೆ, ಕಿಟಕಿಗೆ ಕೊರೆದ ತೂತು ಮುಚ್ಚುವ ಸಲುವಾಗಿ.
೬. ಗಂಟಲು ಕಟ್ಟಿದ ಮಹನೀಯರಿಗೆ, ಕಂಪನಿಯ ಮೂಲಕ, ಆರೋಗ್ಯ ನೋಡಿಕೊಳ್ಳುವಂತೆ.
೭. ಶ್ರೀಮತಿ ಯಂಕವ್ವ, ಸವಣೂರು ಇವರಿಗೆ ಪ್ರತಿ ಕಳುಹಿಸತಕ್ಕದ್ದಲ್ಲ. ಕೆಳಸಹಿದಾರರೇ ನಾಳೆ ಮಧ್ಯಾಹ್ನ ಫೋನು ಮಾಡಿ ಓದಿ ಹೇಳುವರು. ಓದುವ ಮುನ್ನ ಆಕೆಯ ಊಟವಾಯಿತೇ ಎಂದು ಕೇಳತಕ್ಕದ್ದು. ಆಗಿಲ್ಲವೆಂದಲ್ಲಿ, ಆಕೆ ಉಂಡು ಮುಗಿಸುವವರೆಗೆ ಕೆಳಸಹಿದಾರರು ಫೋನು ಹಿಡಿದುಕೊಂಡಿರತಕ್ಕದ್ದು.